ಒಂದು ಬಾಲದ ಹೂವು, ಎರಡು ಬಾಲದ ಹೂವು

ನನ್ನ ಹೆಂಡತಿ ಫೆಲಿಸ್ತಾಳ ಮಟ್ಟಿಗೆ ಲೋಕದ ಹೂಗಳಲ್ಲಿ ಎರಡೇ ಜಾತಿ: ಬುಡದಲ್ಲಿ ತಿನ್ನುವ ಗೆಡ್ಡೆ ಇರುವಂಥವು, ಇಲ್ಲದಂಥವು. ಲುವಿಂಗು ಪಟ್ಟಣದ ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸಿ, ೨೦೧೧ನೆಯ ಇಸವಿ ಡಿಸೆಂಬರ್ ೯ರಂದು ನಿವೃತ್ತನಾದ ಮುಖ್ಯೋಪಾಧ್ಯಾಯನ ಮನೆಯಲ್ಲೇ ಇಂಥ ವರ್ಗೀಕರಣ ಚಾಲ್ತಿಯಲ್ಲಿದೆಯೆಂದರೆ ಓದುಗರು ನಂಬಲಿಕ್ಕಿಲ್ಲ. (ಡಿಸೆಂಬರ್ ೯ ಶುಕ್ರವಾರ. ಗುರುವಾರವೆಂದು ಆಕೆ ಈಗಲೂ ವಾದಿಸುತ್ತಾಳೆ. ಕ್ಯಾಲೆಂಡರ್ ತೋರಿಸಿದರೆ, "ಅದನ್ನ ಯಾರು ಅಚ್ಚು ಹಾಕಿದ್ದೋ ಏನೋ" ಎನ್ನುತ್ತಾಳೆ.)

ಈ ವಿಷಯದಲ್ಲಿ ನಮ್ಮಿಬ್ಬರ ನಡುವೆ ಬಹುಕಾಲದಿಂದ ಶಾಂತಿಯುತ ಭಿನ್ನಾಭಿಪ್ರಾಯವಿತ್ತು. ಅದು ಯುದ್ಧದ ಹಂತಕ್ಕೇರಿದ್ದು ೨೦೧೯ರ ಜನವರಿ ೬, ಭಾನುವಾರದಂದು. ಅಂದು ನಮ್ಮ ಮಗಳು ಲೊಂಬೆಗೂ, ಹಾಲಿನ ಡೈರಿಯಲ್ಲಿ ಕೆಲಸ ಮಾಡುವ ಬೇಸಾ ಎಂಬ ಹುಡುಗನಿಗೂ ಸಂಬಂಧ ಗೊತ್ತಾಯಿತು. ಬೆಂಕಿ ತೋರಿಸುವ ಶಾಸ್ತ್ರಕ್ಕೆ ಮೇ ೧೮, ಶನಿವಾರ ನಿಶ್ಚಯವಾಯಿತು.

ಆ ಶಾಸ್ತ್ರವಾಗುವ ತನಕ ಅಳಿಯನಾಗುವವನು ಅತ್ತೆಯ ಮನೆಯ ತುತ್ತು ಮುಟ್ಟುವಂತಿಲ್ಲ, ಅಂಗಳದಲ್ಲಿ ಸೌದೆ ಕಡಿದುಕೊಡುವಾಗಲೂ ತಲೆಯೆತ್ತುವಂತಿಲ್ಲ, ತುಟಿ ಬಿಚ್ಚುವಂತಿಲ್ಲ. ಶಾಸ್ತ್ರದ ದಿನ ಹೆಣ್ಣಿನ ಕಡೆಯ ಹೆಂಗಸರು ತಮ್ಮ ಒಲೆಯ ಮೇಲೆ ಬೇಯುವ ಸಕಲವನ್ನೂ ಬೇಯಿಸಿ, ಹಾಡುತ್ತ ಹೊತ್ತೊಯ್ದು, ಗಂಡಿನ ಮನೆಯಲ್ಲಿ ಒಂದೊಂದೇ ಪಾತ್ರೆಯ ಮುಸುಕು ತೆಗೆದು ತೋರಿಸಬೇಕು. ಅವರು ಉಂಡು ಒಪ್ಪಿದರೆ ಹುಡುಗ ನಮ್ಮವನು. ಒಪ್ಪದಿದ್ದರೆ ಪಾತ್ರೆಗಳು ಹಿಂದಿರುಗುತ್ತವೆ. ಪಾತ್ರೆಗಳ ಹಿಂದೆಯೇ ಮದುವೆಯೂ.

ಆ ಪಾತ್ರೆಗಳಲ್ಲಿ ಕೋಳಿ, ಮೀನು, ಸೊಪ್ಪು ಏನಿದ್ದರೂ ಎಲ್ಲರ ಕಣ್ಣಿರುವುದು ಚಿಕಂಡದ ಮೇಲೆ. ಜೌಗು ಹುಲ್ಲುಗಾವಲಿನ ಕಾಡುಹೂವಿನ ಗೆಡ್ಡೆಯನ್ನು ಒಣಗಿಸಿ ಕುಟ್ಟಿ, ನೆಲಗಡಲೆಯ ಪುಡಿ, ಮೆಣಸಿನಪುಡಿ, ಬೂದಿಯ ತಿಳಿನೀರು ಸೇರಿಸಿ, ತೋಳು ಬೀಳುವ ತನಕ ತಿರುವಿ ಹೆಪ್ಪುಗಟ್ಟಿಸಿದ ಭಕ್ಷ್ಯ ಅದು. ಹೋಳು ಮಾಡಿದರೆ ತಟ್ಟೆಯಲ್ಲಿ ಸೈನಿಕನಂತೆ ನಿಲ್ಲಬೇಕು. ೨೦೧೬ರಲ್ಲಿ ಫೆಲಿಸ್ತಾಳ ಅಕ್ಕನ ಮನೆಯ ಚಿಕಂಡ ನಿಲ್ಲಲಿಲ್ಲ, ಹರಿಯಿತು. ಹರಿದು ಮದುಮಗನ ಹೊಸ ಪ್ಯಾಂಟಿನ ಮೇಲೆ ವಿಶ್ರಾಂತಿ ಪಡೆಯಿತು. ಅಂದಿನಿಂದ ಊರಲ್ಲಿ ಅವರ ಹೆಸರು "ಗಂಜಿಯವರು".

"ನನ್ನ ಕೈಲೂ ಹಂಗೇ ಆದ್ರೆ ಏನ್ರೀ ಗತಿ, ಲೊಂಬೆ ಅಪ್ಪಾ?" ಎಂದು ಫೆಲಿಸ್ತಾ ಅಂದೇ ಸಂಜೆ ಕೊರಗತೊಡಗಿದಳು.

ನನ್ನ ಕೊರಗು ಬೇರೆಯದಿತ್ತು. ನಾನು ಮೇಕೆ ಕುಲದವನು. ಬೇಸಾನ ಸೋದರಮಾವ ಡೊನಾಟೊ ಎಂಬವರು ಚಿರತೆ ಕುಲದವರು. ಮೇಕೆಗೂ ಚಿರತೆಗೂ ಅಜ್ಜಂದಿರ ಕಾಲದಿಂದ ಬೈಗುಳದ ನೆಂಟಸ್ತಿಕೆ: ಅವರು ನಮ್ಮನ್ನು ಏನಂದರೂ ನಾವು ಸಿಟ್ಟಾಗುವಂತಿಲ್ಲ, ನಾವು ಏನಂದರೂ ಅವರು ನಗಲೇಬೇಕು. ಸಾವಿನ ಮನೆಯಲ್ಲೂ ಈ ಹಕ್ಕಿಗೆ ರಜೆಯಿಲ್ಲ. ಸಂಬಂಧ ಕೇಳಲು ಗಂಡಿನ ಕಡೆಯ ಹಿರಿಯರು ತಾವೇ ಬರುವ ಪದ್ಧತಿಯಿಲ್ಲವಾಗಿ, ಡೊನಾಟೊ ತಮ್ಮ ಸಂಧಾನಕಾರನ ಬಾಯಲ್ಲಿ ಮಾತು ಕಳಿಸಿದ್ದರು. ಆತ ತುಂಬಿದ ಸಭೆಯಲ್ಲಿ ಗಂಟಲು ಸರಿಮಾಡಿಕೊಂಡು ಒಪ್ಪಿಸಿದ:

"ಡೊನಾಟೊ ಕೇಳಿದಾರೆ: 'ಮೇಕೆ ಸಾಕಿದ ಹುಡುಗಿ ನಮ್ಮನೆಗೆ ಬರ್ತಾಳೆ. ಚಾವಣಿ ಹುಲ್ಲಿಂದು. ಈಗ್ಲೇ ಬೇಲಿ ಹಾಕಿಸ್ಬೇಕಾ, ಇಲ್ಲ ತಿಂದು ಮುಗಿಸಿದ ಮೇಲೆ ತಗಡು ಹೊದಿಸೋದಾ?'"

ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರೂ ನಿಲ್ಲಿಸಿದ ಮೇಲೂ ಫೆಲಿಸ್ತಾ ನಗುತ್ತಿದ್ದಳು. ಸಂಧಾನಕಾರ ಚಿರತೆ ಕುಲದವನಲ್ಲ. ಅವನಿಗೆ ತಿರುಗಿ ಬೈಯುವ ಅಧಿಕಾರ ನನಗಿರಲಿಲ್ಲ. ನುಂಗಿಕೊಂಡೆ. ಆದರೆ ಅಂದಿನಿಂದಲೇ ಡೊನಾಟೊ ಅವರಿಗೊಂದು ಉತ್ತರವನ್ನು ರಚಿಸತೊಡಗಿದೆ. ಕರ್ತೃ, ಕರ್ಮ, ಕ್ರಿಯಾಪದಗಳಲ್ಲಿ ಯಾವ ಲೋಪವೂ ಇರದಂತೆ ಸ್ನಾನದ ಹೊತ್ತಿಗೆ ತಿದ್ದುತ್ತಿದ್ದೆ. ಮುಖಾಮುಖಿಯಾಗುವ ದಿನ ಬಂದೇ ಬರುತ್ತದೆ.

ಫೆಲಿಸ್ತಾಳ ಕೊರಗಿಗೂ ನಾನೇ ಪರಿಹಾರ ಕಂಡುಹಿಡಿದೆ. ನಮ್ಮ ಜೌಗಿನಲ್ಲಿ ಚಿಕಂಡದ ಹೂಗಳೆಂದು ಹೆಂಗಸರು ಅಗೆಯುವುದು ಮುಖ್ಯವಾಗಿ ಎರಡನ್ನು. ಎರಡೂ ಮೊಣಕಾಲೆತ್ತರ, ಎರಡೂ ಗುಲಾಬಿ ಬಣ್ಣದ ತೆನೆ, ಒಂದೇ ತಾಯಿಯ ಮಕ್ಕಳಂತೆ ಒಂದೇ ಹುಲ್ಲಿನಲ್ಲಿ ನಿಂತಿರುತ್ತವೆ. ಆದರೆ ಹೂವಿನ ಬೆನ್ನು ತಿರುಗಿಸಿ ನೋಡಬೇಕು. ಒಂದಕ್ಕೆ ಒಂದು ಬಾಲ, ಇನ್ನೊಂದಕ್ಕೆ ಎರಡು. ಒಂದು ಬಾಲದ್ದರ ಗೆಡ್ಡೆ ಕಲ್ಲಿನಂತೆ ಗಟ್ಟಿ. ಎರಡು ಬಾಲದ್ದು ಲೋಳೆ. ಗೆಡ್ಡೆ ಅಗೆಯುವ ಹೊತ್ತಿಗೆ ಹೂವು ಉದುರಿ ಬರೀ ಒಣಕಡ್ಡಿ ಉಳಿಯುವುದರಿಂದ ಎರಡೂ ಬುಟ್ಟಿಯಲ್ಲಿ ಬೆರೆತುಹೋಗುತ್ತವೆ. ಹೂವಿದ್ದಾಗಲೇ ಗುರುತು ಕಟ್ಟಿಟ್ಟರೆ? ಇಷ್ಟು ಸರಳವಾದ ವಿಚಾರ ನಮ್ಮ ಜನಾಂಗಕ್ಕೆ ಇಷ್ಟು ತಲೆಮಾರು ಹೊಳೆಯದೆ ನನಗಾಗಿ ಕಾದಿತ್ತೆಂದು ನನಗೆ ಆಶ್ಚರ್ಯವೇ ಆಯಿತು.

ಮಾರ್ಚ್ ೨, ಶನಿವಾರ, ಭೂತಗನ್ನಡಿ ಹಿಡಿದು ಜೌಗಿನಲ್ಲಿ ಬೋರಲು ಮಲಗಿ ಕೆಲಸ ಆರಂಭಿಸಿದೆ. ಅಷ್ಟರಲ್ಲಿ ಮರಗೆಣಸಿನ ಬುಟ್ಟಿ ಹೊತ್ತ ನೆರೆಮನೆಯ ಸ್ಕೊಲಾಸ್ಟಿಕಾ ಆ ದಾರಿಯಲ್ಲಿ ಬಂದಳು.

"ಅಯ್ಯಯ್ಯೋ, ಮೇಷ್ಟ್ರು ಬಿದ್ಬಿಟ್ಟಿದಾರೆ!"

"ಬಿದ್ದಿಲ್ಲ. ಬಾಲ ಪರೀಕ್ಷಿಸುತ್ತಿದ್ದೇನೆ."

"ಯಾರ ಬಾಲ?"

"ಹೂವಿನದು."

ಸ್ಕೊಲಾಸ್ಟಿಕಾ ಬುಟ್ಟಿ ಕೆಳಗಿಟ್ಟಳು. "ಬಿಸಿಲು ಜೋರಿದೆ ಮೇಷ್ಟ್ರೇ, ಟೋಪಿ ಹಾಕ್ಕೊಳಿ" ಎಂದು ಮಗುವಿಗೆ ಹೇಳುವ ದನಿಯಲ್ಲಿ ಹೇಳಿ, ಬುಟ್ಟಿಯೆತ್ತಿಕೊಂಡು ಹೊಲದ ಕಡೆ ಹೋಗಬೇಕಾದವಳು ನೇರವಾಗಿ ನಮ್ಮ ಮನೆಯ ಕಡೆ ನಡೆದಳು. ನಾನು ಮನೆ ಸೇರುವಷ್ಟರಲ್ಲಿ ಫೆಲಿಸ್ತಾ ಬಾಗಿಲಲ್ಲೇ ನಿಂತಿದ್ದಳು. ನನ್ನ ಬುದ್ಧಿಯ ಸ್ಥಿತಿಗತಿಗಿಂತ ಆಕೆಗೆ ಬೇರೆ ಚಿಂತೆಯಿತ್ತು.

"ನನ್ನ ಕೆಂಪು ದಾರದುಂಡೆ ಎಲ್ಲಿ?"

"ಜೌಗಿನಲ್ಲಿದೆ."

"ಜೌಗಲ್ಲಿ ಏನ್ ಮಾಡ್ತಿದೆ?"

"ಕರ್ತವ್ಯ. ಒಂದು ಬಾಲದ ಪ್ರತಿಯೊಂದು ಗಿಡದ ಬುಡಕ್ಕೂ ಕಟ್ಟಿದ್ದೇನೆ."

"ಅದು ಶಾಸ್ತ್ರದ ಪಾತ್ರೆಗಳಿಗೆ ಮುಸುಕು ಹೆಣೀಲಿಕ್ಕೆ ತಂದಿದ್ದು ಕಣ್ರೀ! ಈಗ ಕೋಳಿಗೆ ಏನ್ ಮುಚ್ಲಿ, ನಿಮ್ಮ ಬನಿಯನ್ನಾ?"

"ಪಾತ್ರೆಯೊಳಗಿನ ವಸ್ತು ಶುದ್ಧವಾಗಿದ್ದರೆ ಮುಸುಕಿನ ಅಗತ್ಯವಿಲ್ಲ" ಎಂದೆ. ಇದು ಒಳ್ಳೆಯ ಮಾತೆಂದು ನನಗೆ ಈಗಲೂ ಅನ್ನಿಸುತ್ತದೆ. ಅಂದು ರಾತ್ರಿಯ ಊಟಕ್ಕೆ ಸಾರು ಬರಲಿಲ್ಲ.

ಮೇ ೩, ಶುಕ್ರವಾರ ಗೆಡ್ಡೆ ಅಗೆಯಲು ಇಬ್ಬರೂ ಹೋದೆವು. ಹೂವಿಲ್ಲ, ಬಣ್ಣವಿಲ್ಲ, ಕಂದು ಕಡ್ಡಿಗಳ ನಡುವೆ ನನ್ನ ಕೆಂಪು ದಾರಗಳು ಮಾತ್ರ ಹಾಜರಿ ಹೇಳುತ್ತಿದ್ದವು. ಫೆಲಿಸ್ತಾ ಅಭ್ಯಾಸಬಲದಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಅಗೆಯಹೊರಟಳು.

"ಅದಕ್ಕೆ ದಾರವಿಲ್ಲ. ಬಿಡು."

"ಗೆಡ್ಡೆ ಎಷ್ಟ್ ದಪ್ಪ ಇದೆ ನೋಡಿ!"

"ಎರಡು ಬಾಲದ್ದು."

"ಈಗೆಲ್ಲಿದೆ ಬಾಲ?"

"ಮಾರ್ಚ್ ೨ರಂದು ಇತ್ತು."

"ಎಲ್ರೂ ಎರಡನ್ನೂ ಬೆರಸೇ ಮಾಡೋದು, ಲೊಂಬೆ ಅಪ್ಪಾ."

"ಬೆರೆಸುವುದು ಗುರುತಿಸಲಾರದವರ ಸಮಾಧಾನ. ಬೆರೆಸಿದ್ದಕ್ಕೇ ಅಲ್ಲವೆ ನಿನ್ನ ಅಕ್ಕನ ಮನೆಯ ಚಿಕಂಡ ಹರಿದದ್ದು?"

ಆಕೆ ಆ ಗಿಡ ಬಿಟ್ಟು ದಾರವಿದ್ದದ್ದರ ಬುಡಕ್ಕೆ ಗುದ್ದಲಿ ಹಾಕಿದಳು. (ನನ್ನ ಬಳಿ ಪುರಾವೆಯೇನೂ ಇರಲಿಲ್ಲ, ಆದರೆ ಪುರಾವೆ ಕೇಳುವ ಶಿಸ್ತು ಆಕೆಗಿಲ್ಲ.) ಅಷ್ಟೇ ಅಲ್ಲ, ಆ ವಾರದ ಸಂತೆಯಲ್ಲಿ ಆಕೆ ಹತ್ತು ಜನರ ಮುಂದೆ, "ನಮ್ಮನೇದು ಸಂತೆಯ ಕಲಬೆರಕೆ ಅಲ್ಲಮ್ಮಾ, ಒಂದೇ ಬಾಲದ್ದು. ನಮ್ಮನೆಯವ್ರು ಆರ್ಸಿದ್ದು" ಎಂದು ಹೇಳಿದ್ದು ನನ್ನ ಕಿವಿಗೆ ಬಿತ್ತು. ಮದುವೆಯಾದಂದಿನಿಂದ ಆಕೆ ನನ್ನ ವಿಷಯದಲ್ಲಿ ಸಾರ್ವಜನಿಕವಾಗಿ ಹೆಮ್ಮೆಪಟ್ಟದ್ದು ಅದೇ ಮೊದಲು. ಅದೇ ಕೊನೆ ಕೂಡ.

ಮೇ ೧೭ರಂದು ಬೇಯಿಸಿದರು. ತಿರುವುವ ಕೋಲು ನಡುಮುರಿಯಿತು. ಎರಡನೆಯ ಕೋಲು ನಿಂತಲ್ಲೇ ನಿಂತಿತು, ಅದನ್ನು ಕೀಳಲು ಅಕ್ಕತಂಗಿಯರಿಬ್ಬರೂ ಪಾತ್ರೆಗೆ ಕಾಲು ಕೊಟ್ಟು ಎಳೆಯಬೇಕಾಯಿತು.

"ಇದ್ಯಾಕೋ ಬೆರಳೇ ಹೋಗ್ತಿಲ್ಲ" ಎಂದಳು ಫೆಲಿಸ್ತಾ.

"ಗಟ್ಟಿತನವೇ ಅದರ ಗುಣ."

"ನಮ್ಮದು ಹರೀತು, ಇದು ಹರಿಯಲ್ಲ ಬಿಡೇ" ಎಂದಳು ಅಕ್ಕ, ಅನುಭವಸ್ಥಳಾಗಿ.

ಆ ಮೆರವಣಿಗೆಯಲ್ಲಿ ಗಂಡಸರಿಗೆ ಕೆಲಸವಿಲ್ಲ. ಆದರೂ ನಾನು ಕೋಟು ಇಸ್ತ್ರಿ ಮಾಡಿಸುವುದನ್ನು ಕಂಡು ಫೆಲಿಸ್ತಾ ಹುಬ್ಬೇರಿಸಿದಳು.

"ನೀವೆಲ್ಲಿಗೆ?"

"ಚಿಕಂಡದ ಬಗ್ಗೆ ಯಾರಾದರೂ ವಿವರಣೆ ಕೇಳಿದರೆ ಕೊಡಲು."

"ಊಟಕ್ಕೆ ಯಾರ್ರೀ ವಿವರಣೆ ಕೇಳ್ತಾರೆ?"

ನಿಜವಾದ ಕಾರಣವನ್ನು ಆಕೆಗೆ ಹೇಳಲಿಲ್ಲ. ಡೊನಾಟೊ ಅಲ್ಲಿರುತ್ತಾರೆ; ನನ್ನ ಉತ್ತರ ಐದನೆಯ ತಿಂಗಳಿಗೆ ಬಿದ್ದಿತ್ತು, ಇನ್ನು ತಡೆಯುವಂತಿರಲಿಲ್ಲ. ಆದರೆ ನಾನು ಅವರ ಮುಖ ಕಂಡವನಲ್ಲ. ಅಲ್ಲಿ ಬೇಸಾನ ತೀರಿಹೋದ ತಂದೆಯ ತಮ್ಮ ಕ್ರಿಸ್ಪಿನ್ ಕೂಡ ಇರುತ್ತಾರೆ. ಅವರು ಮೊಸಳೆ ಕುಲ, ಅರಸರ ಕುಲ. ಅವರೆದುರು ಮೇಕೆ ಕುಲದವನು ಕೆಮ್ಮುವುದೂ ಅಪ್ಪಣೆ ಕೇಳಿಯೇ. ಆದಕಾರಣ ಲೊಂಬೆಯನ್ನು ಕರೆದು ಇಬ್ಬರ ಲಕ್ಷಣಗಳನ್ನೂ ಸ್ಪಷ್ಟವಾಗಿ ಹೇಳಬೇಕೆಂದೆ.

"ಡೊನಾಟೊ ಮಾವ ಬೋಳುತಲೆ, ಕನ್ನಡಕ ಹಾಕ್ತಾರೆ. ಕ್ರಿಸ್ಪಿನ್ ಚಿಕ್ಕಪ್ಪಂಗೆ ತಲೆತುಂಬ ಬಿಳಿ ಕೂದಲು, ಕನ್ನಡಕ ಇಲ್ಲ" ಎಂದಳು.

"ಕೊನೆಯ ಬಾರಿ ನೋಡಿದ್ದು ಎಂದು?"

"ಈಸ್ಟರ್‌ಗೆ."

ಏಪ್ರಿಲ್ ೨೧. ಇತ್ತೀಚಿನ ಮಾಹಿತಿಯೇ. ಲಕ್ಷಣಗಳೂ ಎರಡೆರಡು. ಇದಕ್ಕಿಂತ ಕಡಿಮೆ ಆಧಾರದ ಮೇಲೆ ವಿದ್ವಾಂಸರು ಹೊಸ ಹೂವಿಗೆ ಹೆಸರಿಟ್ಟಿದ್ದಾರೆ.

ಮರುದಿನ ಹೆಂಗಸರು ಹಾಡುತ್ತ ಹೋದರು. ನಾನು ಹಿಂದೆ, ಗೌರವಯುತ ಅಂತರದಲ್ಲಿ. ಗಂಡಿನ ಮನೆಯಂಗಳದಲ್ಲಿ ಬೇಸಾ ಚಾಪೆಯ ಮೇಲೆ ತಲೆತಗ್ಗಿಸಿ ಕೂತಿದ್ದ. ಹಿರಿಯರು ಕುರ್ಚಿಗಳಲ್ಲಿದ್ದರು. ನಾನು ಸಾಲನ್ನು ಬಲದಿಂದ ಎಡಕ್ಕೆ ಪರಿಶೀಲಿಸಿದೆ. ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡಿದ್ದ ಒಬ್ಬರು; ನಮ್ಮಲ್ಲಿ ಮೇ ತಿಂಗಳಿಗೆ ಚಳಿ ಆರಂಭ. ಅವರ ಪಕ್ಕದಲ್ಲಿ, ಬಿಸಿಲಿಗೆ ಹೊಳೆಯುವ ನುಣ್ಣನೆಯ ಬೋಳುತಲೆ. ಒಂದು ಲಕ್ಷಣ ಸಿಕ್ಕಿತು.

ಪಾತ್ರೆಗಳ ಮುಸುಕು ಒಂದೊಂದಾಗಿ ತೆರೆಯಿತು. ಕೋಳಿಗೆ ತಲೆದೂಗಿದರು, ಮೀನಿಗೆ ನಾಲಗೆ ಚಪ್ಪರಿಸಿದರು. ಕೊನೆಗೆ ದಾರ ಸಾಲದೆ ನನ್ನ ಕರವಸ್ತ್ರ ಹೊದ್ದಿದ್ದ ಚಿಕಂಡದ ಸರದಿ. ಫೆಲಿಸ್ತಾಳ ಅಕ್ಕ ಚಾಕು ಹಾಕಿದಳು. ಚಾಕು ಬಾಗಿತು. ಎರಡೂ ಕೈಯಿಂದ ಒತ್ತಿದಾಗ "ಟಕ್" ಎಂದು ಹೋಳೊಂದು ಮುರಿದು ಬಿತ್ತು. ಬೋಳುತಲೆಯವರು ಅದನ್ನೆತ್ತಿ ಕಚ್ಚಿದರು. ಅಂಗಳದ ಆಚೆ ತುದಿಯಲ್ಲಿದ್ದ ನನಗೂ ಆ ಸದ್ದು ಕೇಳಿಸಿತು. ಅವರು ಹೋಳನ್ನು ಬಾಯಿಂದ ತೆಗೆದು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಕಚ್ಚಿದ ಜಾಗವನ್ನು ಪರಿಶೀಲಿಸಿದರು.

ಕನ್ನಡಕ! ಎರಡನೆಯ ಲಕ್ಷಣವೂ ಸಿಕ್ಕಿತು.

"ಇದನ್ನ ಮಾಡಿದ್ದು ಯಾರು?" ಎಂದರು ಅವರು. "ಇದು ತಿನ್ನೋದಾ, ಇಲ್ಲ ಬಾಗಿಲು ಬಡೀದಂಗೆ ಒತ್ತು ಕೊಡೋದಾ?"

ಆಹಾ! ಚಿರತೆ ಬಾಯಿ ತೆರೆಯಿತು. ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಎದ್ದುನಿಂತೆ. ಫೆಲಿಸ್ತಾ ನನ್ನ ಕೋಟಿನ ಚುಂಗು ಹಿಡಿದು ಜಗ್ಗಿದಳು. ಪ್ರೋತ್ಸಾಹವೆಂದು ತಿಳಿದು ಇನ್ನಷ್ಟು ನೆಟ್ಟಗಾದೆ. ಜನವರಿಯಿಂದ ತಿದ್ದುತ್ತ ಬಂದಿದ್ದ ವಾಕ್ಯವನ್ನು, ಸಂದರ್ಭಕ್ಕೆ ತಕ್ಕ ಪೀಠಿಕೆ ಸೇರಿಸಿ, ಶಾಲೆಯ ಪ್ರಾರ್ಥನಾ ಸಭೆಯ ದನಿಯಲ್ಲಿ ಹೇಳಿದೆ:

"ಹಲ್ಲುದುರಿದ ಮುದಿಪ್ರಾಣಿಗೆ ಬಾಳೆಹಣ್ಣೂ ಬಂಡೆಯೇ! ಮೇಕೆಯನ್ನು ಹಿಡಿಯುವ ಕಸುವಿಲ್ಲದೆ ನಿಮ್ಮ ಕುಲದವರು ಈಚೆಗೆ ಮೇಕೆಯ ಹಿಕ್ಕೆ ಹೆಕ್ಕಿ ಹೊಟ್ಟೆ ಹೊರೆಯುತ್ತಿದ್ದಾರೆಂದು ಕೇಳಿದ್ದೇನೆ. ನಮ್ಮ ಹಿತ್ತಲಲ್ಲಿ ಬೇಕಾದಷ್ಟಿದೆ, ಮೆತ್ತಗೂ ಇದೆ. ಬಡಿಸಲು ಹೇಳಲೇ?"

ಹೇಳಿ, ನಗುವಿಗಾಗಿ ಕಾದೆ.

ನಗು ಬರಲಿಲ್ಲ. ಹಾಡು ನಿಂತಿತು. ಒಲೆಯ ಬಳಿಯಿದ್ದ ಕೋಳಿಯೊಂದು ಮಾತ್ರ ಕೊಕ್ಕೊಕ್ಕೆಂದು, ತಾನೂ ಸುಮ್ಮನಾಯಿತು. ಕನ್ನಡಕದವರು ಕನ್ನಡಕ ತೆಗೆದು, ಮಡಿಸಿ, ಜೇಬಿಗಿಟ್ಟುಕೊಂಡು ನಿಧಾನವಾಗಿ ಎದ್ದರು.

"ಅಪ್ಪಾ," ಎಂದು ಲೊಂಬೆ ಅಳುದನಿಯಲ್ಲಿ ಉಸುರಿದಳು, "ಅವ್ರು ಕ್ರಿಸ್ಪಿನ್ ಚಿಕ್ಕಪ್ಪ!"

ನೆತ್ತಿಯ ಮೇಲೆ ಕುರುವೆದ್ದು ಮಂಗಳವಾರವಷ್ಟೇ ತಲೆ ಬೋಳಿಸಿದ್ದರಂತೆ. ಕನ್ನಡಕ ಹತ್ತಿರದ್ದನ್ನು ನೋಡಲು ಮಾತ್ರವಂತೆ. ಮಾರ್ಚಿನ ಹೂವು ಮೇ ತಿಂಗಳಲ್ಲಿ ಇರುವುದಿಲ್ಲವೆಂದು ತಿಳಿದು ದಾರ ಕಟ್ಟಿದ ನಾನು, ಏಪ್ರಿಲಿನ ಕೂದಲು ಮೇ ತಿಂಗಳಲ್ಲಿ ಇರುತ್ತದೆಂದು ನಂಬಿದ್ದೆ.

"ನಾನು ತಮಾಷೆ ಮಾಡ್ಲಿಲ್ಲ" ಎಂದರು ಕ್ರಿಸ್ಪಿನ್. "ನನ್ನ ಹಲ್ಲು ಅಲ್ಲಾಡ್ತಿದೆ. ಅದಕ್ಕೆ ಕೇಳಿದೆ. ಅದಕ್ಕೆ ನನ್ನ ಕುಲದೋರು ಹಿಕ್ಕೆ ತಿಂತಾರೆ ಅಂತ ಉತ್ತರ."

ಫೆಲಿಸ್ತಾಳ ಅಕ್ಕ ಪಾತ್ರೆಗಳಿಗೆ ಮತ್ತೆ ಮುಸುಕು ಹಾಕತೊಡಗಿದಳು. "ನಮ್ಮದು ಹರಿದಾದ್ರೂ ಹೋಯ್ತು" ಎಂದು ಗೊಣಗಿದ್ದು ಕೇಳಿಸಿತು. ಲೊಂಬೆಯ ಕಣ್ಣು ತುಂಬಿತು. ಚಾಪೆಯ ಮೇಲೆ ಬೇಸಾ ಹೊಸ ಅಳಿಯನ ಮರ್ಯಾದೆಯನ್ನೆಲ್ಲ ಮರೆತು ತಲೆಯೆತ್ತಿ ಆ ಮುಚ್ಚುತ್ತಿರುವ ಪಾತ್ರೆಗಳನ್ನೇ ನೋಡುತ್ತಿದ್ದ. ನನ್ನ ವ್ಯಾಕರಣಶುದ್ಧ ವಾಕ್ಯಕ್ಕೆ ಮಗಳ ಮದುವೆ ಬಲಿಯಾಗುತ್ತಿರುವುದು ನನಗೆ ಆಗ ಅರ್ಥವಾಯಿತು.

ಆಗ ಉಣ್ಣೆಟೋಪಿಯವರ ಭುಜ ಕುಲುಕತೊಡಗಿತು. ಅವರು ಟೋಪಿ ಕಿತ್ತು ಕಣ್ಣೊರೆಸಿಕೊಂಡರು. ಟೋಪಿಯ ಕೆಳಗೆ ಕೂದಲಿರಲಿಲ್ಲ. ಕನ್ನಡಕ ಎದೆಯ ಜೇಬಿನಲ್ಲಿತ್ತು.

"ಕ್ರಿಸ್ಪಿನ್, ಕೂತ್ಕೊಳಪ್ಪಾ" ಎಂದರು ಡೊನಾಟೊ, ನಗು ತಡೆಯಲಾರದೆ. "ಈ ಮೇಕೆ ನಂದು. ಬೈದಿದ್ದು ನನ್ನನ್ನೇ. ವಿಳಾಸ ತಪ್ಪಿ ನಿನ್ನ ಹತ್ರ ಬಂತು."

"ವಿಳಾಸ ತಪ್ಪಿದ ಕಲ್ಲೂ ತಲೇನ ಒಡಿಯುತ್ತೆ."

"ಒಡೀತಪ್ಪಾ. ಕಲ್ಲನ್ನಂತೂ ಕಚ್ಚೇ ನೋಡಿದೀಯ. ದಂಡ ಏನ್ ಬೇಕು ಹೇಳು. ಕೋಳಿ ತರಿಸ್ಲಾ?"

"ಎರಡು ತರ್ತೀವಿ" ಎಂದಳು ಫೆಲಿಸ್ತಾ ಮೊಣಕಾಲೂರಿ. "ಬಿಳೀದು. ದೊಡ್ಡ ಮನಸ್ಸು ಮಾಡಿ, ಅಯ್ಯಾ. ಇವರಿಗೆ ಹೂವು ನೋಡೋಕೆ ಬರುತ್ತೆ, ಜನ ನೋಡೋಕೆ ಬರಲ್ಲ."

ಕ್ರಿಸ್ಪಿನ್ ಬಹಳ ಹೊತ್ತು ನಾಲಗೆಯಿಂದ ಹಲ್ಲನ್ನು ಅಲ್ಲಾಡಿಸಿ ನೋಡಿದರು. ಅಂಗಳವೆಲ್ಲ ಅವರ ದವಡೆಯನ್ನೇ ನೋಡುತ್ತಿತ್ತು. ಕೊನೆಗೆ ಹಲ್ಲು ಉಳಿಯುವುದೆಂಬ ತೀರ್ಮಾನಕ್ಕೆ ಬಂದವರಂತೆ ಕುಳಿತರು.

"ಕೋಳಿ ಬೇಡಮ್ಮಾ" ಎಂದರು. "ನಮ್ಮ ಹುಡುಗ ಇಷ್ಟು ತಿಂಗಳು ನಿಮ್ಮಂಗಳದಲ್ಲಿ ಬಾಯಿ ಮುಚ್ಕೊಂಡು, ತಲೆ ತಗ್ಗಿಸ್ಕೊಂಡು ಸೌದೆ ಕಡಿದ. ಯಾಕೆ? ಮನೇಲಿ ಯಾರ್ಯಾರು, ಯಾರ ಹತ್ರ ಏನು ಮಾತಾಡ್ಬಹುದು ಅಂತ ಕಲಿಯೋಕೆ. ಮೇಷ್ಟ್ರಿಗೆ ಆ ಪಾಠ ಆಗಿಲ್ಲ. ಇವರೂ ಕಲೀಲಿ. ನಾವಾಗಿ ಇವರಿಗೆ ಬೆಂಕಿ ತೋರಿಸೋ ತನಕ ನಮ್ಮನೇಲಿ ಇವರು ಹೊಸ ಅಳಿಯ. ಊಟ ಇಲ್ಲ, ಮಾತಿಲ್ಲ, ತಲೆ ಎತ್ತಂಗಿಲ್ಲ. ಆ ಪಾತ್ರೆಗಳ ಮುಸುಕು ತೆಗೀರಿ, ಕೋಳಿ ಆರ್ತಿದೆ."

"ಮೊಸಳೆಯ ನ್ಯಾಯ!" ಎಂದು ಡೊನಾಟೊ ತೊಡೆ ತಟ್ಟಿದರು. "ಮೇಕೆಗೆ ಬಾಯಿಕುಕ್ಕೆ!"

ಇದಕ್ಕೆ ನನ್ನ ಬಳಿ ತಕ್ಕ ಉತ್ತರವಿತ್ತು. ಆದರೆ ದಂಡ ಆಗಲೇ ಜಾರಿಯಲ್ಲಿತ್ತು.

೨೦೧೯ರ ಆಗಸ್ಟ್ ೩, ಶನಿವಾರ ಮದುವೆ ಸಾಂಗವಾಗಿ ನಡೆಯಿತು. ಬೀಗರ ಮನೆಗೆ ಹೋದಾಗಲೆಲ್ಲ ಫೆಲಿಸ್ತಾ ಒಳಗೆ ಕೋಳಿಕಾಲು ಚೀಪುತ್ತ ನಗುತ್ತಿರುತ್ತಾಳೆ. ನಾನು ಅಂಗಳದ ಮೂಲೆಯಲ್ಲಿ ಮಣೆಯ ಮೇಲೆ, ದೃಷ್ಟಿ ನೆಲದಲ್ಲಿ. ಮೊದಲ ಸಲವೇ ಯಾರೋ ಬಂದು ಕೊಡಲಿಯನ್ನು ಪಕ್ಕದಲ್ಲಿಟ್ಟು ಹೋದರು. ಪಾದಗಳಿಂದ ಯಾರೆಂದು ಗುರುತಿಸಲು ಯತ್ನಿಸಿದೆ, ಆಗಲಿಲ್ಲ. ಡೊನಾಟೊ ಕುರ್ಚಿಯನ್ನು ಎದುರಿಗೇ ಎಳೆದುಕೊಂಡು ಕೂತು, ಮೇಕೆ ಕುಲದ ಬಗ್ಗೆ ಗಂಟೆಗಟ್ಟಲೆ ಉಪನ್ಯಾಸ ಮಾಡುತ್ತಾರೆ. ಸೌದೆ ಕಡಿಯುತ್ತ ಕೇಳಿಸಿಕೊಳ್ಳುತ್ತೇನೆ.

ನನಗೆ ಬೆಂಕಿ ತೋರಿಸುವ ದಿನಾಂಕ ಯಾವುದೆಂದು ಸಂಧಾನಕಾರನ ಮೂಲಕ ಮೂರು ಬಾರಿ ವಿಚಾರಿಸಿದೆ. "ನೋಡೋಣ" ಎಂಬ ಉತ್ತರ ಬಂತು. "ನೋಡೋಣ" ಎಂಬುದು ದಿನಾಂಕವಲ್ಲ.

ಮೊನ್ನೆ ಜನವರಿ ೧೯, ಭಾನುವಾರ, ಬೇಸಾ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಈಗ ಅವನಿಗೆ ಎಲ್ಲ ಹಕ್ಕೂ ಇದೆ: ನನ್ನ ಕುರ್ಚಿಯಲ್ಲಿ ಕೂರುತ್ತಾನೆ, ಬಾಯಿತುಂಬ ಮಾತಾಡುತ್ತಾನೆ.

"ನಿಮ್ಮವರಿಗೆ ಒಂದು ದಿನ ಗೊತ್ತುಮಾಡಲು ಇಷ್ಟು ಕಷ್ಟವೆ?" ಎಂದೆ.

"ಇಲ್ಲ ಮಾವಾ, ಎರಡು ಸಲ ಗೊತ್ತು ಮಾಡಿದ್ರು" ಎಂದ, ಮೀನಿನ ಮುಳ್ಳು ಬಿಡಿಸುತ್ತ. "ಅಕ್ಟೋಬರಲ್ಲಿ ಒಂದ್ಸಲ, ಕ್ರಿಸ್‌ಮಸ್‌ಗೆ ಒಂದ್ಸಲ. ಎರಡು ಸಲಾನೂ ನಿಮ್ಮನೆಯಿಂದಾನೇ ಹೇಳಿ ಕಳಿಸಿದ್ರಂತಲ್ಲ, ಅವಸರ ಏನಿಲ್ಲ, ಮುಂದಕ್ಕೆ ಹಾಕಿ ಅಂತ."

"ನಮ್ಮ ಮನೆಯಿಂದಲೇ? ಯಾರು?"

ಬೇಸಾ ಬಾಯಿ ತೆರೆದ. ಒಮ್ಮೆ ತನ್ನ ಅತ್ತೆಯ ಕಡೆ ನೋಡಿದ. ಮರುಕ್ಷಣ ತೆರೆದ ಬಾಯಿ ಮುಚ್ಚಿ, ಶಾಸ್ತ್ರವಿನ್ನೂ ಆಗಿಯೇ ಇಲ್ಲದವನಂತೆ ತಲೆ ತಗ್ಗಿಸಿದ.

"ಇನ್ನೊಂದು ಮೀನು ಹಾಕ್ಲಾ, ಬೇಸಾ?" ಎಂದಳು ಫೆಲಿಸ್ತಾ.